ಅಧ್ಯಕ್ಷರ ಬರಿಗಾಲು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಬಲಮೀಸೆ ಬೋಳಿಸಿಬಿಡಿ. ಎಡಗಡೆಯದನ್ನು ನಾನೇ ಬೋಳಿಸಿಕೊಳ್ಳುತ್ತೇನೆ.

ಕೂರ್ಗ್ ಇನ್ನೂ ಬೇರೆ ರಾಜ್ಯವಾಗಿದ್ದಾಗ ದೇಶದ ಹಾಕಿ ಸಂಘದ ಅಧ್ಯಕ್ಷರೊಬ್ಬರು ನಮ್ಮೂರು ಬಿಟ್ಟಂಗಾಲಕ್ಕೆ ಬಂದರು. ಬೂಟಿಲ್ಲದ ತಂಡಕ್ಕೆ ಟೂರ್ನಮೆಂಟಿನಲ್ಲಿ ಜಾಗವಿಲ್ಲ ಎಂಬ ಹೊಸ ನಿಯಮ ಅವರದೇ. ನಮ್ಮ ಹನ್ನೊಂದು ಜನರೂ ಆಡುತ್ತಿದ್ದುದು ಬರಿಗಾಲಲ್ಲಿ. ಆರು ಭಾಷೆಯಲ್ಲಿ ಬಯ್ಯಬಲ್ಲ, ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ನಾನೊಬ್ಬನೇ ಆದ್ದರಿಂದ ದುಭಾಷಿಯ ಕೆಲಸ ನನಗೇ ಬಂತು.

"ನಾನು ನಿಮ್ಮೆಲ್ಲರ ಪ್ರತಿನಿಧಿ," ಎಂದರು ಅಧ್ಯಕ್ಷರು, ಮೈದಾನದ ಅಂಚಿನಲ್ಲಿ ಮಿರಿಮಿರಿ ಮಿಂಚುವ ಬೂಟಿನಲ್ಲಿ ನಿಂತು.

ನಮ್ಮ ಕ್ಯಾಪ್ಟನ್ ಮುತ್ತಣ್ಣ, "ರೈಟರೇ, ನಮ್ಮ ಕಾಲುಗಳಿಗೂ ಇವರೇ ಪ್ರತಿನಿಧಿಯಾ, ಕೇಳಿ," ಎಂದ.

ಅದನ್ನು ಹಾಗೇ ಹೇಳಿದ್ದರೆ ತಂಡದ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಕೈಮುಗಿದು, "ಸಾರ್, ಇದು ಊರ ದೇವರ ಮೈದಾನ. ಬೂಟು ಬಿಚ್ಚಿಟ್ಟೇ ಒಳಗೆ ಬರಬೇಕಂತೆ," ಎಂದೆ.

ಗೊಣಗುತ್ತ ಬಿಚ್ಚಿದರು. ಹಿಮ್ಮಡಿಯಲ್ಲಿ ನೆಲ್ಲಿಕಾಯಿ ಗಾತ್ರದ ಬೊಕ್ಕೆ ಎದ್ದಿತ್ತು. ತಣ್ಣನೆ ಹುಲ್ಲಿಗೆ ಕಾಲಿಟ್ಟವರೇ ಕಣ್ಣು ಮುಚ್ಚಿ "ಅಬ್ಬಾ!" ಎಂದರು. ಆಮೇಲೆ ಗೋಲಿನಿಂದ ಗೋಲಿಗೆ ಎರಡು ಸಲ ನಡೆದರು.

"ಆ ಕ್ಯಾಪ್ಟನ್ ಆಗ ಏನು ಕೇಳಿದ?" ಎಂದರು ವಾಪಸ್ ಬಂದು.

ಈಗ ಧೈರ್ಯವಾಗಿ ಹೇಳಿದೆ. ಅವರು ತಮ್ಮ ಪಾದ ನೋಡಿಕೊಂಡು ನಕ್ಕರು. "ಈವತ್ತಿನಿಂದ ಹೌದು ಅನ್ನಿ. ಬರಿಗಾಲಲ್ಲೇ ಆಡಲಿ."

ನಿಯಮ ಹೋಯಿತು, ತಂಡ ಉಳಿಯಿತು.

ಸುಳ್ಳೇ ಇಲ್ಲವೇ ಅಂದರೆ, ಒಂದು ಚೂರಿದೆ. ಆ ಮೈದಾನಕ್ಕೆ ಯಾವ ದೇವರ ಕಟ್ಟಳೆಯೂ ಇರಲಿಲ್ಲ. ಅಲ್ಲೇ ನಿಂತು ನಾನು ಹುಟ್ಟಿಸಿದ್ದು. ಈಗ ಊರವರು ಅಲ್ಲಿ ನನ್ನ ಚಪ್ಪಲಿಯನ್ನೂ ಬಿಚ್ಚಿಸುತ್ತಾರೆ.