ಲಿಯಾಮ್ ಸರ್ ಕೇಳುತ್ತಿದ್ದ ಮೊದಲ ಪ್ರಶ್ನೆ

ಎದುರಿಗೆ ಕೂತವರು ಆಸ್ಪತ್ರೆಯ ದೊಡ್ಡ ಡಾಕ್ಟರಾಗಿರಲಿ, ಪೇಟೆಯಲ್ಲಿ ಸಾಮಾನಿನ ಗಾಡಿ ತಳ್ಳುವವರಾಗಿರಲಿ, ಲಿಯಾಮ್ ಸರ್ ಮೈಕ್ ಹಿಡಿದು ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: "ಇವತ್ತು ಬೆಳಿಗ್ಗೆ ಏನು ತಿಂದಿರಿ?" ಕೇಳುವಾಗ ಹೆಡ್‌ಫೋನಿನ ಒಂದು ಬದಿ ಕಿವಿಯ ಮೇಲೆ, ಇನ್ನೊಂದು ಬದಿ ಕೆನ್ನೆಯ ಮೇಲೆ. ಬಲಗೈ ಗಾಳಿಯಲ್ಲಿ. ಉತ್ತರ ಹೇಳುವವರ ಧ್ವನಿ ಸಣ್ಣದಾದರೆ ಅಂಗೈ ಮೇಲಕ್ಕೆ, ಜೋರಾದರೆ ಮೆಲ್ಲಗೆ ಕೆಳಕ್ಕೆ. ನಾನು ಬಾಯಿ ತೆರೆದಾಗಲೆಲ್ಲ ಆ ಕೈ ಕೆಳಕ್ಕೇ ಹೋಗುತ್ತಿತ್ತು. ನನ್ನದು ಹುಟ್ಟಾ ದೊಡ್ಡ ಗಂಟಲು, ಎಂತ ಮಾಡುವುದು!

ನಾನು ಹನೀಫ್, ಪುತ್ತೂರಿನ ಕಡೆಯವನು. ಜಿದ್ದಾದ ಒಂದು ಸಣ್ಣ ಸ್ಟುಡಿಯೋದಲ್ಲಿ ಧ್ವನಿಮುದ್ರಣದ ಕೆಲಸ. ಕಂಪನಿಗಳ ಸುರಕ್ಷತೆಯ ಸೂಚನೆ, ಆಸ್ಪತ್ರೆಗೆ ಫೋನ್ ಮಾಡಿದರೆ "ದಯವಿಟ್ಟು ಕಾಯಿರಿ" ಅನ್ನುವ ಮಾತು, ಇಂಥವೇ ನಮ್ಮ ಬಂಡವಾಳ. ಅಲ್ಲಿ ಮಾತಾಡುವ ಹುಡುಗರಿಗೆ ಇಂಗ್ಲಿಷ್ ಓದುವುದನ್ನು ಕಲಿಸಲಿಕ್ಕೆ ನಮ್ಮ ಕಫೀಲ್, ಅಂದರೆ ವೀಸಾ ಕೊಟ್ಟ ಸೌದಿ ಧಣಿ, ಐರ್ಲೆಂಡಿನಿಂದ ಒಬ್ಬ ನಿವೃತ್ತ ರೇಡಿಯೋ ಪತ್ರಕರ್ತರನ್ನು ಕರೆಸಿದರು. ಎರಡು ಸಾವಿರದ ಹದಿನಾಲ್ಕರ ಆಸುಪಾಸು ಅದು. ಬಂದವರನ್ನು ನೋಡಿದರೆ ಆರಡಿ ಎತ್ತರ, ಬಿಸಿಲಿಗೆ ಬೆಂದ ಕೆಂಪು ಮೂಗು, ಚಪ್ಪಲಿಯೊಳಗೆ ಬಿಳಿ ಕಾಲುಚೀಲ. ಇವರು ನಮಗೆ ಕಲಿಸುವುದಾ ಅಂತ ನಾನು ಮನಸ್ಸಿನಲ್ಲೇ ನಕ್ಕಿದ್ದೆ.

ಹದಿನೆಂಟನೆಯ ವಯಸ್ಸಿಗೆ ತಮ್ಮ ಊರಿನ ರೇಡಿಯೋದಲ್ಲಿ ಕೆಲಸಕ್ಕೆ ಸೇರಿದವರಂತೆ. ಬೆಳಿಗ್ಗೆ ದನದ ಸಂತೆಯ ಧಾರಣೆ ಓದುವುದು, ಮಧ್ಯಾಹ್ನ ಆ ದಿನ ತೀರಿಕೊಂಡವರ ಹೆಸರು ಓದುವುದು. ಆಮೇಲೆ ರಾಜಧಾನಿಗೆ ಹೋಗಿ ಮೂವತ್ತಕ್ಕೂ ಹೆಚ್ಚು ವರ್ಷ ವಾರ್ತೆ ಓದಿದರು, ಯುದ್ಧ ನಡೆಯುವ ಕಡೆಗೂ ಹೋಗಿಬಂದರು. ಆದರೆ ಹೇಳಿಕೊಳ್ಳುತ್ತಿದ್ದದ್ದು ಸತ್ತವರ ಪಟ್ಟಿಯ ವಿಷಯವನ್ನೇ. "ಪ್ರಧಾನಿಯ ಹೆಸರು ತಪ್ಪು ಓದಿದರೆ ಒಬ್ಬ ಫೋನ್ ಮಾಡುತ್ತಾನೆ ಹನೀಫ್. ಸತ್ತ ಅಜ್ಜಿಯ ಹೆಸರು ತಪ್ಪು ಓದಿದರೆ ಇಡೀ ಊರೇ ಬಾಗಿಲಿಗೆ ಬರುತ್ತದೆ." ಅವರ ಇಂಗ್ಲಿಷನ್ನು ನಾನು ನನ್ನ ಕನ್ನಡದಲ್ಲೇ ನೆನಪಿಟ್ಟುಕೊಂಡಿದ್ದೇನೆ, ಹಾಗಾಗಿ ಇಲ್ಲಿಯೂ ಹಾಗೇ ಬರೆಯುತ್ತಿದ್ದೇನೆ. ಒಂದು ಪದ ಮಾತ್ರ ಬದಲಾಯಿಸಲಾಗದು: "ಗ್ರ್ಯಾಂಡ್". ಚಹಾ ಚೆನ್ನಾಗಿದ್ದರೂ ಗ್ರ್ಯಾಂಡ್, ಎ.ಸಿ. ಕೆಟ್ಟರೂ ಗ್ರ್ಯಾಂಡ್. ನಮ್ಮಿಂದ ಅವರು ಕಲಿತದ್ದು "ಎಂತ ಮಾರಾಯ". ಅದನ್ನು ನಮ್ಮ ಈಜಿಪ್ಟಿನ ಮ್ಯಾನೇಜರಿಗೂ ಹೇಳಿ ಬೆನ್ನು ತಟ್ಟಿ ಹೋಗುತ್ತಿದ್ದರು. ಆತ ಅದು ಐರಿಷ್ ಭಾಷೆ ಅಂದುಕೊಂಡು ತಲೆಬಾಗುತ್ತಿದ್ದ.

ಅವರಿಗೆ ಎರಡು ಧ್ವನಿ ಇತ್ತು. ಒಂದು ವಾರ್ತೆಯದು. ಶವರ್ಮಾ ಅಂಗಡಿಯ ಪಟ್ಟಿಯನ್ನು ಆ ಧ್ವನಿಯಲ್ಲಿ ಓದಿದರೆ ಯಾರೋ ದೊಡ್ಡವರು ತೀರಿಕೊಂಡ ಹಾಗೆ ಕೇಳುತ್ತಿತ್ತು, ನಾವು ಹೊಟ್ಟೆ ಹಿಡಿದು ನಗುತ್ತಿದ್ದೆವು. "ಇದು ನನ್ನದಲ್ಲ, ಬಾಡಿಗೆಗೆ ಕೊಟ್ಟದ್ದು," ಅನ್ನುತ್ತಿದ್ದರು. ಇನ್ನೊಂದು ಮನೆಯ ಧ್ವನಿ. ಸ್ವಲ್ಪ ಕರಕರ, ಮಾತಿನ ಕೊನೆಯಲ್ಲಿ ಸಣ್ಣ ನಗು. ಬೆಳಗಿನ ತಿಂಡಿ ಕೇಳುತ್ತಿದ್ದದ್ದು ಈ ಧ್ವನಿಯಲ್ಲಿ. ಅದು ಮೈಕಿನಲ್ಲಿ ಧ್ವನಿಯ ಮಟ್ಟ ಸರಿಮಾಡಿಕೊಳ್ಳಲು ರೇಡಿಯೋದವರು ಕೇಳುವ ಪ್ರಶ್ನೆ. ಸಂದರ್ಶನ ಶುರುವಾಗುವುದು ಅದಾದ ಮೇಲೆ. ಕಾರ್ಯಕ್ರಮ ಸಿದ್ಧವಾಗುವಾಗ ತಮ್ಮ ಒಂದೊಂದು ಪ್ರಶ್ನೆಯನ್ನೂ ಕತ್ತರಿಸಿ ತೆಗೆಸುತ್ತಿದ್ದರು. "ಬಡಿಸುವವನು ಎಲೆಯ ಮುಂದೆ ಕೂರಬಾರದು," ಅನ್ನುವುದು ಅವರ ವಾದ.

ಎರಡನೆಯ ವರ್ಷ ತಮ್ಮ ಹಳೆಯ ರೇಡಿಯೋಕ್ಕಾಗಿ ಒಂದು ಕಾರ್ಯಕ್ರಮ ಮಾಡಲು ಹೊರಟರು. ಊರು ಬಿಟ್ಟು ದುಡಿಯುವವರ ಕುರಿತು. ಅವರ ಚಿಕ್ಕಪ್ಪಂದಿರು ಮೂವರೂ ಇಂಗ್ಲೆಂಡಿನಲ್ಲಿ ಮಣ್ಣು ಹೊತ್ತವರಂತೆ. ಕಫೀಲ್ ಅನುಮತಿ ತೆಗೆಸಿಕೊಟ್ಟರು. ಶುಕ್ರವಾರ ಮಧ್ಯಾಹ್ನ ನನ್ನ ನಮಾಜ್ ಮುಗಿದ ಮೇಲೆ ನಾನು, ಸರ್ ಇಬ್ಬರೂ ಜಿದ್ದಾದ ಶರಫಿಯಾ ಪೇಟೆಗೆ ಹೋಗುತ್ತಿದ್ದೆವು. ಟೈಲರುಗಳು, ಹೋಟೆಲಿನವರು, ಹಣ ಕಳಿಸಲು ಸಾಲು ನಿಂತವರು, ಎಲ್ಲ ನಮ್ಮವರೇ. "ಎಂತ, ಇಕಾಮಾಕ್ಕೆ ತೊಂದರೆ ಉಂಟಾ ಇದರಿಂದ?" ಅಂತ ತಮ್ಮ ವಾಸದ ಪರವಾನಗಿಯ ಚಿಂತೆಯಲ್ಲಿ ಅವರು ಮೊದಲು ನನ್ನನ್ನು ಕೇಳಿ, ಆಮೇಲೆ ಮೈಕಿನ ಮುಂದೆ ಕೂರುತ್ತಿದ್ದರು. ಸರ್ ಅವರ ಗಂಟಲು ಆಗಲೇ ಕೆಟ್ಟಿತ್ತು. ಜೇನು ಹಾಕಿದ ಬಿಸಿನೀರಿನ ಫ್ಲಾಸ್ಕ್ ಸದಾ ಬಗಲಲ್ಲಿ. ಡಾಕ್ಟರ ಹತ್ತಿರ ಹೋಗಿ ಅಂದರೆ, "ಕಾರ್ಯಕ್ರಮ ಮುಗಿಯಲಿ," ಅನ್ನುತ್ತಿದ್ದರು.

ಆಗಲೇ ನಾನು ಆ ಎಡವಟ್ಟು ಮಾಡಿದ್ದು. ಉಮ್ಮರಾಕ ಅಂತ ಉಪ್ಪಿನಂಗಡಿಯ ಟೈಲರ್, ಇಪ್ಪತ್ತಾರು ವರ್ಷ ಶರಫಿಯಾದಲ್ಲಿ ಹೊಲಿದವರು, ವೀಸಾ ಮುಗಿಸಿ ಊರಿಗೆ ಹೊರಟಿದ್ದರು. ನಮ್ಮ ಬ್ಯಾರಿ ಭಾಷೆಯಲ್ಲಿ ಅವರು ಹೇಳಿದ್ದನ್ನು ನಾನು ಸರ್‌ಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ತಿಂಡಿಯ ಪ್ರಶ್ನೆಗೆ ಅವರೆಂದರು: "ಕುಬ್ಬೂಸ್ ರೊಟ್ಟಿ ತಿಂದೆ, ಚಾ ಕುಡಿದೆ. ನಿಂತುಕೊಂಡೇ. ಈ ಅಂಗಡಿಯಲ್ಲಿ ಇರುವುದು ಒಂದೇ ಕುರ್ಚಿ ಮಾರಾಯ, ಅದು ಮಿಷನಿನದ್ದು. ಅದರ ಮೇಲೆ ಕೂತು ತಿಂದರೆ ಬಟ್ಟೆಗೆ ಕಲೆ ಆಗ್ತದೆ. ಇಪ್ಪತ್ತಾರು ವರ್ಷ ನಿಂತೇ ತಿಂದದ್ದು. ಈಗ ರಜೆಗೆ ಹೋದಾಗ ಮನೆಯವಳು ಕೂತು ತಿನ್ನಿ ಅಂತಾಳೆ. ಕೂತರೆ ಇಳಿಯುವುದೇ ಇಲ್ಲ. ಎದ್ದು ಕಿಟಕಿ ಹತ್ತಿರ ಹೋಗ್ತೇನೆ. ಅವಳು ಅಳ್ತಾಳೆ."

ಸರಿ, ಸಂದರ್ಶನ ಶುರು ಅಂದ ಕೂಡಲೇ ಉಮ್ಮರಾಕ ಟೊಪ್ಪಿ ಸರಿಮಾಡಿ ನೆಟ್ಟಗೆ ಕೂತು, "ಸೌದಿ ಒಳ್ಳೆ ದೇಶ. ಎಲ್ಲ ಒಳ್ಳೆದು. ಅಲ್ಹಮ್ದುಲಿಲ್ಲಾಹ್," ಅಂದರು. ಅರ್ಧ ಗಂಟೆಯೂ ಅದೇ.

ನಾನು ಸ್ಟುಡಿಯೋಕ್ಕೆ ಬಂದು, ಎಂದಿನಂತೆ ಸಂದರ್ಶನವನ್ನು ಮಾತ್ರ ಕಂಪ್ಯೂಟರಿಗೆ ಹಾಕಿ, ಮೊದಲಿನ ತಿಂಡಿಯ ಭಾಗವನ್ನು ಕತ್ತರಿಸಿ, ರೆಕಾರ್ಡರಿನ ಕಾರ್ಡನ್ನೂ ಅಳಿಸಿಬಿಟ್ಟಿದ್ದೆ. ಹತ್ತು ವರ್ಷದಿಂದ ಹಾಗೇ ಮಾಡುತ್ತಿದ್ದವನು ನಾನು. ತಿಂಡಿಯ ಮಾತು ಎಲ್ಲಿ ಅಂತ ಸರ್ ಕೇಳಿದರು, ಅಳಿಸಿದೆ ಅಂದೆ. ಅವರು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. "ಹನೀಫ್, ಮೀನನ್ನು ಸಮುದ್ರಕ್ಕೆ ಬಿಟ್ಟು ಬುಟ್ಟಿ ಮನೆಗೆ ತಂದಿದ್ದೀಯ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಸರ್, ಬೇಕಿದ್ದರೆ ಮೊದಲೇ ಹೇಳಬೇಕಿತ್ತು. ನಾನೇನು ಜ್ಯೋತಿಷಿಯಾ?" ಅಂದೆ. ಅವರ ಅಂಗೈ ಮೆಲ್ಲಗೆ ಕೆಳಗಿಳಿಯಿತು.

ಮರುದಿನ ಮತ್ತೆ ಹೋದೆವು. ಉಮ್ಮರಾಕ ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದರು. ಸರ್ ಅದೇ ಪ್ರಶ್ನೆ ಕೇಳಿದರು. ಈಗ ಉಮ್ಮರಾಕನಿಗೆ ತಿಂಡಿಯ ಮಾತೂ ರೇಡಿಯೋದಲ್ಲಿ ಬರುತ್ತದೆ ಅಂತ ಗೊತ್ತಾಗಿಹೋಗಿತ್ತು. ಗಂಟಲು ಸರಿಮಾಡಿಕೊಂಡು, "ಎರಡು ಮೊಟ್ಟೆ, ಪರೋಟ, ಒಂದು ಸೇಬು," ಅಂದರು. "ಎಲ್ಲಿ ಕೂತು ತಿಂದಿರಿ?" "ಮೇಜಿನಲ್ಲಿ." ಆ ಅಂಗಡಿಯಲ್ಲಿ ಮೇಜು ಹಾಕಿದರೆ ಗಿರಾಕಿ ರಸ್ತೆಯಲ್ಲಿ ನಿಲ್ಲಬೇಕು! ನಗು ತಡೆಯಲಾರದೆ ನಾನು ಮುಖ ತಿರುಗಿಸಿದೆ. ಸರ್ ಮಾತ್ರ ಗಂಭೀರವಾಗಿ ತಲೆಯಾಡಿಸಿ, "ಗ್ರ್ಯಾಂಡ್," ಅಂದು ಮೈಕ್ ಆಫ್ ಮಾಡಿದರು. ಆಮೇಲೆ ಉಮ್ಮರಾಕ ನಮ್ಮನ್ನು ಸುಮ್ಮನೆ ಕಳಿಸುತ್ತಾರೆಯೇ? ಕುಬ್ಬೂಸ್, ಚಾ ತರಿಸಿದರು. ಮಿಷನಿನ ಸುತ್ತ ಮೂವರೂ ನಿಂತುಕೊಂಡೇ ತಿಂದೆವು.

ವಾಪಸು ಬರುವಾಗ ಕಾರಿನಲ್ಲಿ ಸರ್ ಒಂದೇ ಮಾತು ಹೇಳಿದರು: "ಇನ್ನು ಮುಂದೆ ತಿಂಡಿಯನ್ನು ಅಳಿಸಬೇಡ." ಸಿಟ್ಟು ಇನ್ನೂ ಇಳಿಯದ ನಾನು ಅದನ್ನು ಹಟಕ್ಕೆ ತೆಗೆದುಕೊಂಡೆ. 'ನಾಷ್ಟಾ' ಅಂತ ಒಂದು ಫೋಲ್ಡರ್ ಮಾಡಿ, ಅಂದಿನಿಂದ ಕೆಮ್ಮು, ಕುರ್ಚಿ ಕಿರುಗುಟ್ಟುವ ಸದ್ದು ಸಮೇತ ಪ್ರತಿಯೊಂದನ್ನೂ ಅದಕ್ಕೆ ತುಂಬುತ್ತಾ ಹೋದೆ. ಬೇಕಂದಿರಲ್ಲ, ತಗೊಳ್ಳಿ!

ಕಾರ್ಯಕ್ರಮ ಮುಗಿಯಿತು, ಅವರ ದೇಶದಲ್ಲಿ ಪ್ರಸಾರವೂ ಆಯಿತು. ಅದಾದ ಮೇಲೆ ಡಾಕ್ಟರ ಬಳಿ ಹೋದರು. ಗಂಟಲಿನಲ್ಲಿ ಗಡ್ಡೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಜೀವಕ್ಕೆ ಅಪಾಯವಿಲ್ಲ ಅಂದರಂತೆ. ಶಸ್ತ್ರಚಿಕಿತ್ಸೆಗೆ ಅವರು ಊರಿಗೆ ಹೊರಟಾಗ ವಿಮಾನ ನಿಲ್ದಾಣಕ್ಕೆ ಬಿಡಲು ನಾನೇ ಹೋಗಿದ್ದೆ. ನನಗೆ ಅಳು ಬಂತು, ನಾಚಿಕೆ ಬಿಟ್ಟು ಅತ್ತೆ. "ಎಂತ ಮಾರಾಯ," ಅಂದರು ಅವರು, ಪಿಸುಮಾತಿನಲ್ಲಿ. "ಬಾಡಿಗೆಯ ಧ್ವನಿ ರೇಡಿಯೋದವರ ಕಪಾಟಿನಲ್ಲಿ ಭದ್ರವಾಗಿದೆ. ಗ್ರ್ಯಾಂಡ್." ಮನೆಯ ಧ್ವನಿಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಎರಡು ವರ್ಷದ ಮೇಲೆ ಅವರ ಮಗಳ ಇ-ಮೇಲ್ ಬಂತು. ಅಪ್ಪ ಆರಾಮಾಗಿದ್ದಾರೆ, ತೋಟದಲ್ಲಿ ಆಲೂಗಡ್ಡೆ ಬೆಳೆಯುತ್ತಾರೆ, ಮಾತಿಲ್ಲ. ನನಗೆ ಮಗುವಾಗಿದೆ. ಅದಕ್ಕೆ ಅಜ್ಜನ ಧ್ವನಿ ಕೇಳಿಸಬೇಕು ಅಂತ ಹುಡುಕಿದರೆ ಸಿಗುವುದೆಲ್ಲ ವಾರ್ತೆ. ಮಗು ಅಳುತ್ತದೆ. ಕಾರ್ಯಕ್ರಮಗಳಲ್ಲಿ ಅವರ ಮಾತೇ ಇಲ್ಲ. ಮನೆಯಲ್ಲಿ ಮಾತಾಡುವ ಹಾಗೆ ಮಾತಾಡಿದ್ದು ನಿಮ್ಮಲ್ಲಿ ಏನಾದರೂ ಉಳಿದಿದೆಯೇ?

ನಾಷ್ಟಾ ಫೋಲ್ಡರ್ ತೆರೆದೆ. ತೊಂಬತ್ತಕ್ಕೂ ಹೆಚ್ಚು ಬೆಳಗುಗಳು. ಪ್ರತಿಯೊಂದರ ಮೊದಲಲ್ಲೂ ಆ ಕರಕರ, ಆ ಸಣ್ಣ ನಗು: "ಇವತ್ತು ಬೆಳಿಗ್ಗೆ ಏನು ತಿಂದಿರಿ?" ನಡುನಡುವೆ ಸಕ್ಕರೆ ಜಾಸ್ತಿಯಾಯಿತು ಅನ್ನುವುದು, ಯಾರದೋ ಪುಟ್ಟು ಕಡಲೆಯ ಕಥೆಗೆ ಬಾಯಿ ಚಪ್ಪರಿಸುವುದು, "ಎಂತ ಮಾರಾಯ". ಸಿಟ್ಟಿನಲ್ಲಿ ಕೂಡಿಟ್ಟದ್ದು ನೋಡಿ! ಒಂದಕ್ಷರ ಕತ್ತರಿಸದೆ ಪೂರ್ತಿ ಕಳಿಸಿದೆ.

ಇಂಟರ್ನೆಟ್ ಕರೆಗಳಿಗೆ ಇದ್ದ ತಡೆಯನ್ನು ಸೌದಿಯಲ್ಲಿ ಆಗಷ್ಟೇ ತೆಗೆದಿದ್ದರು. ಒಂದು ಶನಿವಾರ ಮಗಳು ವೀಡಿಯೊ ಕರೆ ಮಾಡಿದಳು. ಕತ್ತಿಗೆ ನೀಲಿ ಬಟ್ಟೆ ಕಟ್ಟಿಕೊಂಡು ಸರ್ ಕೂತಿದ್ದರು, ಮೂಗು ಈಗ ಬೆಳ್ಳಗಾಗಿತ್ತು. ತೊಡೆಯ ಮೇಲೆ ಮಗು. ಮಗುವಿನ ಪಕ್ಕದ ಸ್ಪೀಕರಿನಿಂದ ಅವರದೇ ಧ್ವನಿ ಬರುತ್ತಿತ್ತು. ಮಗು ಸ್ಪೀಕರನ್ನೊಮ್ಮೆ, ಅಜ್ಜನ ಬಾಯನ್ನೊಮ್ಮೆ ನೋಡಿ ನಗುತ್ತಿತ್ತು. ಸರ್ ಒಂದು ಪುಟ್ಟ ಬಿಳಿ ಹಲಗೆಯ ಮೇಲೆ ಬರೆದು ಎತ್ತಿ ಹಿಡಿದರು.

ಇವತ್ತು ಬೆಳಿಗ್ಗೆ ಏನು ತಿಂದೆ, ಹನೀಫ್?

"ನೀರ್‌ದೋಸೆ ಸರ್!" ಅಂತ ಶುರು ಮಾಡಿದೆ. ಹಿಟ್ಟು ನೀರಾದದ್ದು, ಮೊದಲ ದೋಸೆ ಹರಿದದ್ದು, ಮೀನಿನ ಸಾರಿಗೆ ಹುಳಿ ಸಾಲದೆ ಪಕ್ಕದ ಕೋಣೆಯವನ ಹತ್ತಿರ ಕೇಳಿದ್ದು, ಎಲ್ಲವನ್ನೂ ಕೂಗಿ ಕೂಗಿ ಹೇಳಿದೆ. ಅವರ ಬಲಗೈ ಎದ್ದಿತು. ಅಂಗೈ ಮೆಲ್ಲಗೆ ಕೆಳಕ್ಕೆ ಇಳಿಯಿತು.

ನಾನು ಧ್ವನಿ ತಗ್ಗಿಸಿ, ಮೊದಲಿನಿಂದ ಹೇಳಿದೆ.