ಸೀಸೆಯಕ್ಕನ ಜರ್ಮನ್ ಕಪಾಟು

ಕಾಲೇಜಿನ ರಸಾಯನಶಾಸ್ತ್ರ ವಿಭಾಗದ ಉಗ್ರಾಣ ನೋಡಿಕೊಳ್ಳುತ್ತಿದ್ದ ಹೆಂಗಸಿಗೆ ಎಲ್ಲರೂ ಸೀಸೆಯಕ್ಕ ಎನ್ನುತ್ತಿದ್ದರು. ಓದಿದ್ದು ಏಳನೇ ಕ್ಲಾಸು, ಬಾಯಿ ಮಾತ್ರ ಎಂ.ಎ. ಅಲ್ಲಿನ ಹಳೆಯ ಸೀಸೆ, ಸಿಲಿಂಡರುಗಳ ಮೇಲೆಲ್ಲ ಜರ್ಮನ್ ಚೀಟಿ. ಅವನ್ನು ತರಿಸಿದ್ದ ಮುದುಕ ಮೇಷ್ಟ್ರು ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದೊಂದು ಹೆಸರನ್ನೂ ಬಿಡಿಸಿ ಹೇಳಿದ್ದರು. ‘ಸೌವರ್‌ಷ್ಟೋಫ್’ ಎಂದರೆ ಹುಳಿಯ ವಸ್ತು, ನಮ್ಮ ಆಮ್ಲಜನಕ. ‘ವಾಸರ್‌ಷ್ಟೋಫ್’ ನೀರಿನ ವಸ್ತು, ಜಲಜನಕ. ಕೋಬಾಲ್ಟ್ ಎಂಬುದು ಗಣಿಯವರನ್ನು ಕಾಡುತ್ತಿದ್ದ ದೆವ್ವದ ಹೆಸರಂತೆ.

“ಅಯ್ಯೋ, ದೆವ್ವಾನ ಸೀಸೇಲಿ ಕೂಡಿ ಬಿರಡೆ ಹಾಕಿದಾರಾ!” ಎಂದು ನಕ್ಕವಳು ಒಂದು ಹೆಸರನ್ನೂ ಮರೆಯಲಿಲ್ಲ.

ಅಂದಿನಿಂದ ಸೀಸೆಗಳನ್ನು ಜೋಡಿಸುತ್ತಿದ್ದುದು ಹೆಸರಿನ ಅರ್ಥ ನೋಡಿಯೇ. ‘ಸೊಯ್ರೆ’ ಎಂದರೆ ಹುಳಿ. ಹೆಸರಿನ ಕೊನೆಗೆ ಆ ಬಾಲವಿದ್ದ ಆಮ್ಲಗಳೆಲ್ಲ ಕೆಳಗಿನ ಕಲ್ಲುಹಾಸಿನ ಮೇಲೆ, ಉರಿಯುವಂಥವು ಎದುರುಗೋಡೆಯ ಕಪಾಟಿನಲ್ಲಿ. ಹಾವು ಮುಂಗುಸಿಯನ್ನು ಒಂದೇ ಬುಟ್ಟಿಯಲ್ಲಿ ಇಡುವುದುಂಟೇ? ಮೂವತ್ತು ವರ್ಷ ಒಂದು ತೊಟ್ಟೂ ಚೆಲ್ಲಿರಲಿಲ್ಲ.

ಹೊಸ ಮುಖ್ಯಸ್ಥರು ಬಂದವರೇ ಮೂಗು ಮುರಿದರು.

“ಇದೇನ್ರೀ ಸಂತೆ? ಎ ಬಿ ಸಿ ಪ್ರಕಾರ ಇರ್ಬೇಕು. ಓದು ಬರದವರ ಕೈಗೆ ಬೀಗದಕೈ ಕೊಟ್ರೆ ಹೀಗೇ. ಕೊಡಿ ಇಲ್ಲಿ. ಸೋಮವಾರದಿಂದ ನೀವು ಗುಡಿಸಿದ್ರೆ ಸಾಕು.”

ಸೀಸೆಯಕ್ಕ ಸೊಂಟದಿಂದ ಬೀಗದಕೈ ಬಿಚ್ಚಿ ಕೊಟ್ಟಳು. ಆ ಬೀಗದಕೈಯೇ ಅವಳ ಮಾನ, ಅವಳ ಮೂವತ್ತು ವರ್ಷ. ಮುಖ್ಯಸ್ಥರೋ, ಶನಿವಾರವೆಲ್ಲ ತಾವೇ ಬೆವರು ಸುರಿಸಿ ಸೀಸೆ ಜೋಡಿಸಿದರು.

ಸೋಮವಾರ ಪೊರಕೆ ಹಿಡಿದು ಒಳಗೆ ಹೋದವಳು ಎಸ್ ಅಕ್ಷರದ ಸಾಲಿನ ಮುಂದೆ ಕಲ್ಲಾಗಿ ನಿಂತಳು. ‘ಸಾಲ್‌ಪೇಟರ್‌ಸೊಯ್ರೆ’. ಅದಕ್ಕೆ ಮೈ ತಾಗಿಸಿಕೊಂಡು ‘ಸ್ಪಿರಿಟುಸ್’. ಸಾಲದ್ದಕ್ಕೆ ಎರಡರ ಬಿರಡೆಯೂ ಸಡಿಲ. ಅಷ್ಟರಲ್ಲಿ ಮುಖ್ಯಸ್ಥರು ಬಾಗಿಲಿಗೆ ಬಂದರು.

“ಸಾರ್, ಬಾಗಿಲಲ್ಲೇ ನಿಂತ್ಕೊಳ್ಳಿ! ಸಾಲ್‌ಪೇಟರ್ ಅಂದ್ರೆ ಪಟಾಕಿ ಮದ್ದಿಗೆ ಹಾಕೋ ಪೆಟ್ಲುಪ್ಪು, ಸೊಯ್ರೆ ಅಂದ್ರೆ ಹುಳಿ. ಪೆಟ್ಲುಪ್ಪಿನ ಹುಳೀನ ಸ್ಪಿರಿಟ್ ಪಕ್ಕ ಇಟ್ಟಿದೀರಲ್ಲ, ನಮ್ಮನ್ನೆಲ್ಲ ಮೇಲೆ ಕಳಿಸ್ಬೇಕು ಅಂತಿದ್ರಾ?”

ಮುಖ್ಯಸ್ಥರಿಗೆ ತಟ್ಟನೆ ಹೊಳೆಯಿತು: ನೈಟ್ರಿಕ್ ಆಮ್ಲ! ಸ್ಪಿರಿಟ್ ಬೆರೆತರೆ ಸಿಡಿಯುವಂಥದ್ದು. ಪಾಪ, ರಸಾಯನಶಾಸ್ತ್ರವೆಲ್ಲ ತಲೆಯಲ್ಲಿತ್ತು, ಜರ್ಮನ್ ಇರಲಿಲ್ಲ; ಬರೀ ಮೊದಲಕ್ಷರ ನೋಡಿ ಜೋಡಿಸಿದ್ದರು. ಸೀಸೆಯಕ್ಕ ಕೈಗವಸು ತೊಟ್ಟು, ಆಮ್ಲದ ಸೀಸೆಯನ್ನು ಎಳೆಗೂಸಿನಂತೆ ಎತ್ತಿ, ಕಲ್ಲುಹಾಸಿನ ಮೇಲಿಟ್ಟು ಬಿರಡೆ ಬಿಗಿ ಮಾಡಿದಳು. ಆಮೇಲಷ್ಟೇ ಉಸಿರು ಬಿಟ್ಟಳು.

ಮುಖ್ಯಸ್ಥರು ಬೀಗದಕೈ ಚಾಚಿದರು. ಇಸಿದುಕೊಳ್ಳುವಾಗ ಅವಳ ಕಣ್ಣು ತುಂಬಿತು, ಸುಳ್ಳೇಕೆ.

“ಉಳಿದ ಹೆಸರುಗಳನ್ನೂ ಹೇಳ್ಕೊಡ್ತೀರಾ, ಅಕ್ಕ? ಬರ್ಕೋತೀನಿ.”

“ಅದಕ್ಕೇನಂತೆ, ಹೇಳ್ಕೊಡೋಣ,” ಎಂದಳು ಸೀಸೆಯಕ್ಕ ಮೂಗೊರೆಸಿಕೊಂಡು. “ಮೊದ್ಲು ಹೋಗಿ ಸೋಪು ಹಾಕಿ ಕೈ ತೊಳ್ಕೊಂಡು ಬನ್ನಿ.”