ಕುದುರೆಯಂತೆ ಹಾರಿದ ರಾಜ

ದೆವ್ವ, ಶಕುನ, ಮೈಮೇಲೆ ಬರುವುದು ಎಂದೆಲ್ಲ ಹೇಳುವವರನ್ನು ಕಂಡರೆ ನನಗೆ ನಗು. ಉಡುಪಿ ಕಡೆಯ ನಮ್ಮ ನೆಂಟರ ಬಾಯಿ ಮುಚ್ಚಿಸುವುದರಲ್ಲಿ ನಾನು ಎತ್ತಿದ ಕೈ. ಈಗ ನೀವು ನನ್ನನ್ನು ನೋಡಿ ನಕ್ಕರೂ ಬೇಸರವಿಲ್ಲ.

ಮಹಾಪೆಯ ಗೋದಾಮೊಂದರಲ್ಲಿ ನಾನು ಸ್ಟೋರ್‌ಕೀಪರ್ ಆಗಿದ್ದಾಗ ವಿಜಯಪುರ ಕಡೆಯ ಭೀಮರಾಯ ಅಲ್ಲಿ ಲೋಡಿಂಗ್ ಕೆಲಸಕ್ಕಿದ್ದ. ಊಟದ ಬಿಡುವಿನಲ್ಲಿ ಇಬ್ಬರೂ ಚೆಸ್ ಆಡುತ್ತಿದ್ದೆವು. ಅವನದು ಊರಾಟ. ಮೊದಲ ಮೂರು ನಡೆಗಳಲ್ಲಿ ಮೂರು ಪ್ಯಾದೆಗಳನ್ನು ಒಂದೊಂದೇ ಮನೆ ಸರಿಸುವನು. ನಾಲ್ಕನೆಯದಕ್ಕೆ ರಾಜನನ್ನು ಕುದುರೆಯಂತೆ ಹಾರಿಸಿ ಬಲಗಡೆಯ ಖಾಲಿ ಮನೆಯಲ್ಲಿ ಕೂರಿಸುವನು.

“ನಮ್ಮೂರಾಗ ರಾಜಾ ಒಂದ್ಸಲ ಹಿಂಗ ಜಿಗೀತಾನ್ರಿ, ಸಾಹೇಬ್ರ” ಎನ್ನುತ್ತಿದ್ದ.

ಬಹಳ ದಿನ ಒಪ್ಪಿಕೊಂಡೇ ಆಡಿದೆ. ಎರಡು ಆಟ ಸೋತು ಮೂರನೆಯದಕ್ಕೆ ಕೂತ ದಿನ ಮಾತ್ರ ನನಗೆ ನಿಯಮ ನೆನಪಾಯಿತು. “ಇದು ನಿನ್ನ ಊರಲ್ಲ ಮಾರಾಯ. ತಪ್ಪು ನಡೆ, ನೀನು ಸೋತೆ” ಎಂದು ನಾಲ್ಕು ಜನರೆದುರು ಕಾಯಿಗಳನ್ನು ಡಬ್ಬಿಗೆ ತುಂಬಿದೆ. ಅವನು ಮತ್ತೆ ಆಟಕ್ಕೆ ಬರಲಿಲ್ಲ. ಕ್ಷಮೆ ಕೇಳಬೇಕೆಂದುಕೊಂಡೇ ದಿನ ದೂಡಿದೆ. ಊರಿಗೆ ಹೋದವನು ಅಲ್ಲೇ ಜ್ವರದಲ್ಲಿ ತೀರಿಕೊಂಡ.

ಎರಡು ವರ್ಷದ ಮೇಲೆ ಡೊಂಬಿವಲಿಯಲ್ಲಿ ಚೆಸ್ ಟೂರ್ನಮೆಂಟ್. ಕೊನೆಯ ಸುತ್ತು ಗೆದ್ದರೆ ಐವತ್ತು ದಾಟಿದ ನನಗೂ ಆಟಗಾರನ ಮಟ್ಟ ತೋರಿಸುವ ಒಂದು ರೇಟಿಂಗ್ ಸಿಗುತ್ತಿತ್ತು. ಹಿಂದೆ ಎರಡು ಸಲ ಕೈಗೆ ಬಂದ ತುತ್ತು ಬಾಯಿಗೆ ಬಂದಿರಲಿಲ್ಲ. ಎದುರಿಗೆ ಘೋಡಬಂದರ್ ರಸ್ತೆಯ ಕಾಲೇಜು ಹುಡುಗಿ, ಕೋಚ್ ಹತ್ತಿರ ಕಲಿತವಳು. ಅವಳು ಪ್ಯಾದೆಗಳನ್ನು ಒಂದೊಂದೇ ಮನೆ ಸರಿಸಿದಳು. ಮುದುಕನೆಂದು ಆಟವಾಡಿಸುತ್ತಿದ್ದಾಳೆ ಅಂದುಕೊಂಡೆ. ನಾಲ್ಕನೇ ನಡೆಗೆ ರಾಜನನ್ನೆತ್ತಿ ಅದೇ ಮನೆಗೆ ಹಾರಿಸಿ, ಗಡಿಯಾರ ಒತ್ತಿದಳು.

ನಾನು ಆ ರಾಜನನ್ನೇ ನೋಡಿದೆ. ಅವಳೂ ತನ್ನ ರಾಜನನ್ನೇ ದಿಟ್ಟಿಸುತ್ತಿದ್ದಳು. ಬೇರೆ ಯಾರೂ ನೋಡಿರಲಿಲ್ಲ. ಹಿಂದಕ್ಕೆ ಇಡಮ್ಮ ಎಂದು ಸುಮ್ಮನೆ ಬಿಟ್ಟುಬಿಡಬಹುದಿತ್ತು. ಭೀಮರಾಯನ ಮುಖ ಕಣ್ಣೆದುರಿಗೇ ಇತ್ತು. ಆದರೂ ಗಡಿಯಾರ ನಿಲ್ಲಿಸಿ, ಕೈ ಎತ್ತಿ ತೀರ್ಪುಗಾರರನ್ನು ಕರೆದೆ.

ಮುಟ್ಟಿದ ಕಾಯಿಯನ್ನೇ ಆಡಬೇಕು ಎಂಬುದು ನಿಯಮ. ಅವಳು ರಾಜನನ್ನು ಒಂದು ಮನೆ ಮುಂದೆ, ಬಯಲಿಗೆ ತರಬೇಕಾಯಿತು. ಇಪ್ಪತ್ತು ನಡೆಯೊಳಗೆ ಸೋತಳು.

ಕೈ ಕುಲುಕುವಾಗ, ಆ ನಡೆಯನ್ನು ಯಾರು ಕಲಿಸಿದರೆಂದು ಕೇಳಿದೆ.

“ಕಿಸೀನೇ ನಹೀ ಅಂಕಲ್. ಹಾಥ್ ಅಪ್ನೇ ಆಪ್ ಚಲಾ ಗಯಾ” ಎಂದು ಕಣ್ಣೊರೆಸಿಕೊಂಡಳು. ಯಾರೂ ಕಲಿಸಿಲ್ಲ, ಕೈ ತಾನಾಗಿಯೇ ಹೋಯಿತಂತೆ.

ಕಾಕತಾಳೀಯ ಎನ್ನಿ, ನಾನೂ ಹಾಗೇ ಅಂದುಕೊಂಡು ನೋಡಿದ್ದೇನೆ, ಮನಸ್ಸು ಒಪ್ಪುವುದಿಲ್ಲ. ರೇಟಿಂಗ್ ಬಂತು, ಮನೆಯಲ್ಲಿ ಕೂಡ ಹೇಳಲಿಲ್ಲ. ಅವಳ ಕೈ ಹಾಗೇಕೆ ಹೋಯಿತೋ ನನಗೆ ಗೊತ್ತಿಲ್ಲ. ಅದಕ್ಕಿಂತ ಹೆಚ್ಚು ಕಾಡುವುದು ನನ್ನ ಕೈ. ಭೀಮರಾಯನನ್ನು ಕಣ್ಣೆದುರು ಕಂಡೂ ಅದು ಎರಡನೇ ಸಲ ಯಾಕೆ ಎದ್ದಿತು?